ಗುಳೇದಗುಡ್ಡದ ಲಿಲಾವು, ಎಸ್ಲಿಂಗನ್‌ನ ತೆರಿಗೆ

ಅಕ್ಟೋಬರ್ ತಿಂಗಳ ಮೊದಲ ಭಾನುವಾರ ಇಲ್ಲಿ ಸುಗ್ಗಿ ಹಬ್ಬ. ನಾನಿರುವ ಎಸ್ಲಿಂಗನ್ ಜರ್ಮನಿಯ ಸ್ಟುಟ್‌ಗಾರ್ಟ್ ಪಕ್ಕದ ಊರು. ಚರ್ಚಿನಲ್ಲಿ ಬಲಿಪೀಠದ ಮುಂದೆ ಕುಂಬಳಕಾಯಿ, ಸೇಬು, ದ್ರಾಕ್ಷಿ ಗೊಂಚಲು ಚೆಂದಾಗಿ ಜೋಡಿಸಿದ್ದರು. ಆರಾಧನೆ ಮುಗಿದ ಮೇಲೆ ಅದೆಲ್ಲ ಬಡವರಿಗೆ ಆಹಾರ ಹಂಚುವ ಕೇಂದ್ರಕ್ಕೆ ಹೋಯಿತು. ಒಳ್ಳೆಯ ಪದ್ಧತಿ, ಎರಡು ಮಾತಿಲ್ಲ. ಆದರೂ ನನಗೆ ಹಬ್ಬ ಮುಗಿದ ಹಾಗೆ ಅನ್ನಿಸಲಿಲ್ಲ. ಲಿಲಾವು, ಅಂದರೆ ಚರ್ಚಿಗೆ ತಂದ ಕಾಣಿಕೆಗಳ ಹರಾಜು, ಆಗಲೇ ಇಲ್ಲ.

ನನ್ನೂರು ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡ. ಖಣ ನೇಯುವವರ ಊರು. ನಮ್ಮಲ್ಲಿ ಸುಗ್ಗಿ ಹಬ್ಬ ಅಂದರೆ ಆರಾಧನೆಗಿಂತ ಆಮೇಲಿನದೇ ಜಾಸ್ತಿ ಹೊತ್ತು. ಜೋಳದ ಚೀಲ, ಶೇಂಗಾ, ಉಳ್ಳಾಗಡ್ಡಿ, ಒಂದು ಹುಂಜ, ಯಾರೋ ಹೊಲಿದು ತಂದ ಕೌದಿ. ಹೊಲ ಇಲ್ಲದ ಮುದುಕಿ ಸೆರಗಿನಲ್ಲಿ ನಾಲ್ಕು ತತ್ತಿ ಕಟ್ಟಿಕೊಂಡು ಬರುತ್ತಿದ್ದಳು. ಕೂಗುವವರು ಆ ತತ್ತಿಯನ್ನೇ ಎತ್ತಿ ಹಿಡಿದು, "ನೂರು ರೂಪಾಯಿ! ಮುಂದ ಯಾರ್ರೀ? ಕೂಗ್ರೆಪಾ!" ಅನ್ನುತ್ತಿದ್ದರು. ಗೆದ್ದವರು ದುಡ್ಡು ಕೊಟ್ಟು ತತ್ತಿಯನ್ನು ಮತ್ತೆ ಮೇಜಿನ ಮೇಲೆ ಇಟ್ಟುಬಿಡುತ್ತಿದ್ದರು. ಇನ್ನೊಮ್ಮೆ ಲಿಲಾವು. ಮುದುಕಿಯ ಮುಖ ನೋಡಬೇಕಿತ್ತು ಆಗ. ಅವಳು ತಂದ ನಾಲ್ಕು ತತ್ತಿ ಚೀಲ ಜೋಳದಷ್ಟೇ ಬೆಲೆ ಬಾಳುತ್ತಿದ್ದವು.

ಮನೆಯಲ್ಲಿ ಅವ್ವ ಗಿರಣಿಗೆ ಕಳಿಸುವ ಮೊದಲು ಒಂದು ಹಿಡಿ ಜೋಳ ತೆಗೆದು ಡಬ್ಬಿಗೆ ಹಾಕುತ್ತಿದ್ದಳು. ಅದು ದೇವರದು. ಬರಗಾಲದ ವರ್ಷವೂ ತಪ್ಪಲಿಲ್ಲ, ಹಿಡಿ ಸಣ್ಣದಾಯಿತು ಅಷ್ಟೇ.

ಇಲ್ಲಿ ನನ್ನ ಪಾಲು ಸಂಬಳದ ಚೀಟಿಯಲ್ಲಿ ಒಂದು ಸಾಲು. ಚರ್ಚ್ ತೆರಿಗೆ. ಈ ರಾಜ್ಯದಲ್ಲಿ ಕಟ್ಟುವ ಆದಾಯ ತೆರಿಗೆಯ ಮೇಲೆ ಶೇ. 8. ಸರ್ಕಾರವೇ ಮುರಿದುಕೊಂಡು ಚರ್ಚಿಗೆ ಕೊಡುತ್ತದೆ. ಶಿಶುವಿಹಾರ, ವೃದ್ಧಾಶ್ರಮ ನಡೆಸಲು ಈ ದುಡ್ಡೂ ಹೋಗುತ್ತದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೇಡ ಅನ್ನುವವರು ಸರ್ಕಾರಿ ನೋಂದಣಿ ಕಚೇರಿಗೆ ಹೋಗಿ ಸಹಿ ಹಾಕಿ ಹೊರಬರುತ್ತಾರೆ. ಪಾದ್ರಿಯ ಮುಖ ಕೂಡ ನೋಡಬೇಕಿಲ್ಲ. 2022ರ ಹೊತ್ತಿಗೆ ಜರ್ಮನಿಯಲ್ಲಿ ಕ್ಯಾಥೊಲಿಕ್, ಪ್ರೊಟೆಸ್ಟಂಟ್ ಎಂಬ ಎರಡು ದೊಡ್ಡ ಚರ್ಚುಗಳಿಗೆ ಸೇರಿದವರು ಜನಸಂಖ್ಯೆಯ ಅರ್ಧಕ್ಕಿಂತ ಕೆಳಗಿಳಿದರು. ತೆರಿಗೆಯೊಂದೇ ಕಾರಣ ಅಂತ ನಾನು ಹೇಳುವುದಿಲ್ಲ. ಆದರೆ ಕೈಯಿಂದ ಏನೂ ಕೊಡದವನಿಗೆ ಬಿಟ್ಟು ಹೋಗುವುದೂ ಸುಲಭ.

ನನ್ನನ್ನು ಹೆಚ್ಚು ಕಾಡುವುದು ಬೇರೆ. ನಮ್ಮೂರಿಗೆ ಸುವಾರ್ತೆ ತಂದವರು ಇದೇ ನೆಲದವರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಶುರು ಮಾಡಿದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಎಸ್ಲಿಂಗನ್‌ನಲ್ಲೇ. ಅವರು ಸೇರಿದ್ದ, ಸ್ವಿಟ್ಜರ್‌ಲ್ಯಾಂಡಿನ ಬಾಸೆಲ್ ಊರಿನ ಬಾಸೆಲ್ ಮಿಷನ್ ಗುಳೇದಗುಡ್ಡಕ್ಕೆ ಬಂದದ್ದು 1851ರಲ್ಲಿ. ಆ ಮಿಷನ್‌ಗೆ ದುಡ್ಡು ಎಲ್ಲಿಂದ ಬರುತ್ತಿತ್ತು ಗೊತ್ತಾ? 1850ರ ದಶಕದಲ್ಲಿ ಮಿಷನ್‌ನವರು 'ಅರ್ಧ ಬಾಟ್ಸನ್' ಅನ್ನುವ ವಂತಿಗೆ ಶುರು ಮಾಡಿದರು. ಬಾಟ್ಸನ್ ಅಂದರೆ ಆಗಿನ ಒಂದು ಚಿಲ್ಲರೆ ನಾಣ್ಯ. ವಾರಕ್ಕೆ ಒಂದು ಪುಡಿಗಾಸು, ಮನೆಮನೆಯಿಂದ. ಇಲ್ಲಿನ ರೈತರು, ಕೂಲಿಯವರು ಕೊಟ್ಟ ಕಾಸು. ನಮ್ಮವ್ವನ ಹಿಡಿ ಜೋಳಕ್ಕೂ ಅದಕ್ಕೂ ಏನು ವ್ಯತ್ಯಾಸ ಹೇಳಿ.

2021ರ ಡಿಸೆಂಬರ್ 23ರಂದು, ಕ್ರಿಸ್‌ಮಸ್ಸಿಗೆ ಎರಡೇ ದಿನ ಮೊದಲು, ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿ ಮತಾಂತರ ನಿಷೇಧ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಮುಂದಿನ ವರ್ಷ ಕಾನೂನಾಯಿತು. ಆ ದಿನಗಳಲ್ಲಿ ಹೊರಗಿನ ದುಡ್ಡು, ಹೊರಗಿನ ಧರ್ಮ ಅನ್ನುವ ಮಾತು ತುಂಬಾ ಕೇಳಿದೆ. ಇಲ್ಲಿ ಕೂತು ಕೇಳುವಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಮೊದಲು ಹೊರಗಿನ ದುಡ್ಡು ಬಂದದ್ದು ನಿಜ, ಮುಚ್ಚಿಡುವಂಥದ್ದಲ್ಲ. ಆದರೆ ನಾನು ಕಂಡ ನಮ್ಮೂರ ಕ್ರೈಸ್ತ ಸಭೆ ನಡೆದದ್ದು ಜೋಳ, ಶೇಂಗಾ, ತತ್ತಿಯ ಮೇಲೆ. ಅಯ್ಯನವರ, ಅಂದರೆ ನಮ್ಮ ಪಾದ್ರಿಯ, ಸಂಬಳ ಬಾಕಿ ಉಳಿದಾಗ ಹಿರಿಯರು ಮನೆಮನೆಗೆ ಹೋಗಿ ಕೇಳಿ ತಂದದ್ದು ನನಗೆ ನೆನಪಿದೆ. ಇದನ್ನು ಹೊರಗಿನದು ಅಂದರೆ ಒಳಗಿನದು ಯಾವುದು?

ಈ ವರ್ಷದ ಹಬ್ಬ ಮುಗಿದ ಮೇಲೆ ಇಲ್ಲಿನ ಪಾದ್ರಿಯವರಿಗೆ ಲಿಲಾವಿನ ಬಗ್ಗೆ ಹೇಳಿದೆ. ಸುಮ್ಮನೆ ಕೇಳಿಸಿಕೊಂಡರು. ಗೆದ್ದವರು ತತ್ತಿಯನ್ನು ವಾಪಸ್ ಇಡುವುದು ಯಾಕೆ ಅಂತ ಎರಡು ಸಲ ಕೇಳಿದರು. ಮುಂದಿನ ಅಕ್ಟೋಬರ್‌ಗೆ ನಾನು ಅಡುಗೆಮನೆಯಲ್ಲಿ ಇಟ್ಟಿರುವ ಡಬ್ಬಿಯನ್ನು ತಂದುಕೊಡಲಾ ಅಂತ ಕೇಳಿದ್ದೇನೆ. ಹೂಂ ಅಂದಿದ್ದಾರೆ. ಇಲ್ಲಿ ಜೋಳ ಸಿಗುವುದು ಕಷ್ಟ, ಗೋಧಿಯನ್ನೇ ಹಾಕುತ್ತಿದ್ದೇನೆ.