ವೀರಗಲ್ಲಿನ ಲೊಕೇಶನ್ ಆನ್‌ಲೈನ್ ಮ್ಯಾಪಿಗೆ ಹಾಕಬೇಕಾ?

ಪರ

ಮುಳಬಾಗಿಲು ಕಡೆಯ ನಮ್ಮೂರ ಕೆರೆ ಏರಿಯಲ್ಲಿ ಒಂದು ವೀರಗಲ್ಲಿದೆ. ದನ ಕದ್ದವರ ಜತೆ ಕಾದಾಡಿ ಸತ್ತವನ ಕಲ್ಲು. ಅರ್ಧ ಮಣ್ಣೊಳಗೆ, ಅರ್ಧ ಆಚೆ. ಕುಡುಗೋಲು ಮಸೆದು ಮಸೆದು ಬಲಗಡೆಯ ಅಕ್ಷರಗಳು ಸವೆದಿವೆ. ಉಳಿದಿದ್ದರ ಮೇಲೆ ಹೋದ ಜಾತ್ರೆಗೆ ಯಾರೋ ಭಕ್ತಿಯಿಂದ ಪೇಂಟ್ ಬಳಿದಿದ್ದಾರೆ. ಕಳ್ಳರಿಗಿಂತ ಈ ಭಕ್ತಿಯೇ ಕಲ್ಲಿಗೆ ಜಾಸ್ತಿ ಅಪಾಯ.

ಮೈಸೂರು ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ಕೋಲಾರ ಜಿಲ್ಲೆಯ ಶಾಸನ ಸಂಪುಟ ತಂದಿದ್ದು 1905ರಲ್ಲಿ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆಗಿದ್ದು 2007ರಲ್ಲಿ. ಹಾಗಾಗಿ ಚಿಂತಾಮಣಿ, ಶಿಡ್ಲಘಟ್ಟದ ಕಲ್ಲುಗಳನ್ನೂ ಅದರಲ್ಲೇ ಹುಡುಕಬೇಕು. ಅಲ್ಲಿ ಕಲ್ಲಿನ ವಿಳಾಸ ಅಂದರೆ ಊರು, ದಿಕ್ಕು, ಯಾವ ಹೊಲ, ಇಷ್ಟೇ. ಆ ಹೊಲ ಈಗ ಲೇಔಟ್ ಆಗಿದ್ದರೆ?

ಆಗ ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುತ್ತಿದ್ದರು. ಈಗ ಕಲ್ಲಿನ ಸುತ್ತ ನಡೆಯುತ್ತಾ ಫೋನಿನಲ್ಲಿ ಫೋಟೋ ತೆಗೆದರೆ ಸಾಫ್ಟ್‌ವೇರ್ ಅವನ್ನು ಜೋಡಿಸಿ 3ಡಿ ಮಾದರಿ ಮಾಡುತ್ತದೆ. ಪರದೆಯಲ್ಲಿ ಬೆಳಕನ್ನು ಓರೆಯಾಗಿ ಬಿಟ್ಟರೆ ಬರಿಗಣ್ಣಿಗೆ ಕಾಣದ ಗೀರೂ ಎದ್ದು ಬರುತ್ತದೆ. ಬೆಂಗಳೂರಿನ ಶಾಸನಗಳನ್ನು ಅಲ್ಲಿನ ಇತಿಹಾಸ ಸಂಶೋಧನಾ ಸಂಸ್ಥೆ ಮಿಥಿಕ್ ಸೊಸೈಟಿಯವರು 3ಡಿ ಸ್ಕ್ಯಾನ್ ಮಾಡಿಸಿದ್ದಾರೆ. ನಮ್ಮ ಕಲ್ಲುಗಳೇನು ಕಡಿಮೆ?

ಜಾಗ ಹೇಳಿದರೆ ಕಳ್ಳ ಬರುತ್ತಾನಂತೆ. ಅವನಿಗೆ ಮ್ಯಾಪ್ ಯಾಕೆ ಬೇಕು? ಟೀ ಅಂಗಡಿಯಲ್ಲಿ ಕೇಳಿದರೆ ಸಾಕು, ಯಾರಾದರೂ ಬೈಕಲ್ಲಿ ಕರ್ಕೊಂಡು ಹೋಗಿ ತೋರಿಸುತ್ತಾರೆ. ಮ್ಯಾಪಿನಲ್ಲಿದ್ದರೆ, ಜೆಸಿಬಿ ಕಲ್ಲನ್ನು ಎತ್ತಿ ಎಸೆದ ದಿನ ಕೇಳೋಕೆ ನಾಲ್ಕು ಜನವಾದರೂ ಇರುತ್ತಾರೆ.

ವಿರೋಧ

ಫೋಟೋ ತೆಗೆಯಿರಿ, ಸ್ಕ್ಯಾನ್ ಮಾಡಿ. ಬೇಡ ಅಂದವರ್ಯಾರು? ನನ್ನ ತಕರಾರು ಮ್ಯಾಪಿನಲ್ಲಿ ಜಾಗ ತೋರಿಸುವ ಆ ಕೆಂಪು ಪಿನ್ನಿನ ಬಗ್ಗೆ ಮಾತ್ರ.

ಹಳೇ ಕಲ್ಲಿನ ಕೆಳಗೆ ನಿಧಿ ಇದೆ ಅನ್ನುವ ಹುಚ್ಚು ನಮ್ಮ ಕಡೆ ಇನ್ನೂ ಇಳಿದಿಲ್ಲ. ಅಮಾವಾಸ್ಯೆಯ ಮಾರನೇ ದಿನ ಪಕ್ಕದೂರಲ್ಲಿ ನಾನೇ ನೋಡಿದ್ದೇನೆ. ಎದೆಮಟ್ಟದ ಗುಂಡಿ, ಕುಯ್ದ ನಿಂಬೆಹಣ್ಣು, ಕುಂಕುಮ, ಎರಡು ತುಂಡಾದ ವೀರಗಲ್ಲು. ಕತ್ತಿ ಹಿಡಿದ ಕೈ ಗುಂಡಿಯೊಳಗೆ ಬಿದ್ದಿತ್ತು.

ನಂದಿಯ ಭೋಗನಂದೀಶ್ವರ ದೇವಸ್ಥಾನಕ್ಕೆ ಪುರಾತತ್ವ ಇಲಾಖೆ ಇದೆ. ಹೊಲದ ಕಲ್ಲಿಗೆ ಹೊಲದವರು ಬಿಟ್ಟರೆ ಯಾರಿದ್ದಾರೆ?

ಈ ವಿಷಯದಲ್ಲಿ ಕಾಡುಮೇಡು ಸುತ್ತುವವರು ನಮಗಿಂತ ಜಾಣರು. ಕಂಡ ಪ್ರಾಣಿ, ಗಿಡಗಳ ಫೋಟೋ ಹಂಚಿಕೊಳ್ಳುವ ಐನ್ಯಾಚುರಲಿಸ್ಟ್ ಆ್ಯಪ್‌ನಲ್ಲಿ ನಕ್ಷತ್ರ ಆಮೆಯ ಫೋಟೋ ಹಾಕಿ ನೋಡಿ. ಅದು ಕಳ್ಳಸಾಗಣೆಯ ಜೀವಿ ತಾನೇ? ಸರಿಯಾದ ಜಾಗ ಬೇರೆಯವರಿಗೆ ಕಾಣೋದಿಲ್ಲ. ಸುಮಾರು 20 ಕಿಲೋಮೀಟರ್ ಅಗಲದ ಚೌಕದೊಳಗೆ ಎಲ್ಲೋ ಇದೆ ಅಂತಷ್ಟೇ ಗೊತ್ತಾಗುತ್ತದೆ. ಕಲ್ಲಿಗೂ ಹಾಗೇ ಮಾಡಬಹುದಲ್ವಾ? ಹೋಬಳಿ ಹೆಸರು ಎಲ್ಲರಿಗೂ, ಪಿನ್ ಮಾತ್ರ ಶಾಸನ ಓದುವವರಿಗೆ, ಅದೂ ಕೇಳಿದರೆ.

ಇನ್ನೊಂದಿದೆ. ಹೋದ ವರ್ಷ ರಾಗಿ ಹೊಲವೊಂದರಲ್ಲಿ ಕಲ್ಲಿನ ಸುತ್ತ ಫೋನ್ ಹಿಡಿದು ತಿರುಗುತ್ತಿದ್ದೆ. ಕಳೆ ಕೀಳುತ್ತಿದ್ದ ಅಜ್ಜ ಎದ್ದು ಬಂದು ಕೇಳಿದರು, "ಇದನ್ನ ನೋಡಿ ಗವರ್ಮೆಂಟ್‌ನೋರು ಬಂದು ಜಮೀನು ಬರ್ಕೊಂಡ್ರೆ, ನೀನು ಕೊಡ್ತೀಯೇನಪ್ಪಾ?" ಹಾಗೇನೂ ಆಗಲ್ಲ ತಾತ ಅಂದೆ. ಅವರು ನಂಬಲಿಲ್ಲ. ಇಂಥ ಭಯಕ್ಕೇ ರಾತ್ರೋರಾತ್ರಿ ಬಾವಿಗೆ ಉರುಳುವ ಕಲ್ಲುಗಳೂ ಇರುತ್ತವೆ. ಅವತ್ತು ತೆಗೆದ ಫೋಟೋಗಳೆಲ್ಲ ನನ್ನ ಫೋನಿನಲ್ಲೇ ಇವೆ.