ರಾಜೀನಾಮೆ ಕೊಡಲಾಗದ ಶಾಸಕರ ನಾಡಿನಿಂದ

ನಾರ್ವೆಯಲ್ಲಿ ಪಾರ್ಲಿಮೆಂಟಿಗೆ ಗೆದ್ದವರು ರಾಜೀನಾಮೆ ಕೊಡುವ ಹಾಗಿಲ್ಲ. ಕಾಯಿಲೆ ಬಿದ್ದರೆ ರಜೆ ಸಿಗುತ್ತದೆ. ಮಂತ್ರಿಯಾದರೆ ಸೀಟು ಬೇರೆಯವರಿಗೆ ಬಿಟ್ಟುಕೊಡಬೇಕು. ಆದರೆ ‘ನನಗೆ ಸಾಕಾಯ್ತು, ಬಿಡ್ತೀನಿ’ ಅನ್ನಲು ಸಂವಿಧಾನ ಒಪ್ಪುವುದಿಲ್ಲ. ಜನ ನಾಲ್ಕು ವರ್ಷಕ್ಕೆ ಒಪ್ಪಿಸಿದ ಕೆಲಸ ಅದು, ಮುಗಿಸಲೇಬೇಕು.

ನಾರ್ವೆಯ ಸ್ಟಾವಾಂಗರ್ ನಗರಕ್ಕೆ ಬಂದ ಮೇಲೆ ಇಲ್ಲಿನ ರಾಜಕೀಯದಲ್ಲಿ ನನ್ನನ್ನು ತುಂಬಾ ಕಾಡಿದ್ದು ಇದೇ ವಿಷಯ. ಕಾರಣ ಯಾವ ಕನ್ನಡಿಗನಿಗೂ ಗೊತ್ತಿರುವಂಥದ್ದೇ. 2019ರಲ್ಲಿ ನಮ್ಮಲ್ಲಿ ಶಾಸಕರು ಸಾಲಾಗಿ ರಾಜೀನಾಮೆ ಕೊಟ್ಟು ಮುಂಬೈ ಹೋಟೆಲ್ ಸೇರಿದರು. ಕುಮಾರಸ್ವಾಮಿ ಸರ್ಕಾರ ಬಿತ್ತು. ಒಟ್ಟು 17 ಶಾಸಕರು ಅನರ್ಹರಾದರು. ಡಿಸೆಂಬರಿನಲ್ಲಿ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆಯಿತು. ಬಿಜೆಪಿ 12 ಗೆದ್ದಿತು, ಗೆದ್ದವರಲ್ಲಿ ಬಹಳ ಜನ ಅದೇ ರಾಜೀನಾಮೆ ಕೊಟ್ಟವರು. ಇದನ್ನು ಒಂದು ಪಕ್ಷದ ತಪ್ಪು ಅಂತ ನಾನು ಹೇಳುತ್ತಿಲ್ಲ. ಆ ದಾರಿ ತೆರೆದಿದೆ, ಅವಕಾಶ ಸಿಕ್ಕವರು ನಡೆಯುತ್ತಾರೆ. ನನ್ನ ತಕರಾರು ಇರುವುದು ಆ ದಾರಿಯ ಬಗ್ಗೆ.

ಇಲ್ಲಿ ಆ ದಾರಿ ಮುಚ್ಚಿರುವುದು ಹೇಗೆ ಅಂದರೆ, ಜನ ಮತ ಹಾಕುವುದು ಒಬ್ಬ ವ್ಯಕ್ತಿಗಲ್ಲ, ಪಟ್ಟಿಗೆ. ಮತಗಟ್ಟೆಯ ಪರದೆಯ ಹಿಂದೆ ಒಂದೊಂದು ಪಕ್ಷಕ್ಕೂ ಬೇರೆ ಬೇರೆ ಮತಪತ್ರದ ಕಟ್ಟು ಇರುತ್ತದೆ. ಅದರಲ್ಲಿ ಆ ಜಿಲ್ಲೆಯ ಅಭ್ಯರ್ಥಿಗಳ ಹೆಸರು ಮೇಲಿಂದ ಕೆಳಗೆ ಸಾಲಾಗಿ ಅಚ್ಚಾಗಿರುತ್ತದೆ. ಬೇಕಾದ ಪಕ್ಷದ ಪತ್ರ ತೆಗೆದುಕೊಂಡು, ಯಾವ ಪಕ್ಷ ಅಂತ ಕಾಣದ ಹಾಗೆ ಮಡಚಿ, ಹೊರಗೆ ಬಂದು ಸಿಬ್ಬಂದಿಯ ಹತ್ತಿರ ಮುದ್ರೆ ಹಾಕಿಸಿಕೊಂಡು ಪೆಟ್ಟಿಗೆಗೆ ಹಾಕಬೇಕು. ಬೆರಳಿಗೆ ಶಾಯಿ ಇಲ್ಲ. ಆ ಜಿಲ್ಲೆಯಲ್ಲಿ ಪಕ್ಷಕ್ಕೆ ಮೂರು ಸೀಟು ಬಂದರೆ ಮೇಲಿನ ಮೂವರು ಸದನಕ್ಕೆ ಹೋಗುತ್ತಾರೆ. ನಾಲ್ಕನೆಯವರಿಂದ ಮೀಸಲು ಸದಸ್ಯರು ಶುರು. ಗೆದ್ದವರು ಮಂತ್ರಿಯಾದರೆ, ತೀರಿಕೊಂಡರೆ, ಹೆರಿಗೆ ರಜೆಗೆ ಹೋದರೆ ಮುಂದಿನ ಹೆಸರಿನವರು ಬಂದು ಕೂರುತ್ತಾರೆ. ಪ್ರಧಾನಿ ಯೋನಾಸ್ ಗಾರ್ ಸ್ಟೋರೆ ಗೆದ್ದದ್ದು ಓಸ್ಲೋದಿಂದ. ಅವರು ಪ್ರಧಾನಿಯಾಗಿರುವಷ್ಟು ದಿನ ಅವರ ಸೀಟಿನಲ್ಲಿ ಮತ ಹಾಕುವುದು ಅದೇ ಪಟ್ಟಿಯ ಇನ್ನೊಬ್ಬರು.

ಹಾಗಾಗಿ ಉಪಚುನಾವಣೆ ಅನ್ನುವುದೇ ಇಲ್ಲ. ಮಧ್ಯಂತರ ಚುನಾವಣೆಯೂ ಇಲ್ಲ. ಸ್ಟೋರ್ಟಿಂಗ್, ಅಂದರೆ ಇಲ್ಲಿನ ಪಾರ್ಲಿಮೆಂಟನ್ನು, ಅವಧಿಗೆ ಮುಂಚೆ ವಿಸರ್ಜಿಸುವ ಅಧಿಕಾರ ಯಾರಿಗೂ ಇಲ್ಲ. ಶೆಲ್ ಮಾಗ್ನೆ ಬೋಂಡೆವಿಕ್ 1997ರಲ್ಲಿ, ಆಗಿದ್ದ 165 ಸೀಟಿನಲ್ಲಿ ಬರೀ 42 ಸೀಟಿನ ಮೈತ್ರಿ ಸರ್ಕಾರ ಮಾಡಿದರು. ಎರಡೂವರೆ ವರ್ಷ ನಡೆಸಿ, 2000ದ ಮಾರ್ಚಿನಲ್ಲಿ ಗ್ಯಾಸ್ ವಿದ್ಯುತ್ ಸ್ಥಾವರದ ವಿಷಯಕ್ಕೆ ವಿಶ್ವಾಸ ಕಳೆದುಕೊಂಡರು. ಯೆನ್ಸ್ ಸ್ಟೋಲ್ಟೆನ್‌ಬರ್ಗ್ ಪ್ರಧಾನಿಯಾದರು. ಚುನಾವಣೆ ನಡೆದದ್ದು 2001ರಲ್ಲಿ, ಅದರ ಸಮಯಕ್ಕೆ. ಸರ್ಕಾರ ಬೀಳಿಸುವವರು ಅದೇ ಸದನದಲ್ಲೇ ಇನ್ನೊಂದು ಸರ್ಕಾರ ಕಟ್ಟಬೇಕು, ಬೇರೆ ದಾರಿ ಇಲ್ಲ.

ಇಲ್ಲಿನ ಸದಸ್ಯ ಪಕ್ಷ ಬಿಡಬಹುದು, ಬಿಟ್ಟರೂ ಸೀಟು ಉಳಿಯುತ್ತದೆ. ಪಕ್ಷಾಂತರ ನಿಷೇಧ ಕಾಯ್ದೆ ಇಲ್ಲವೇ ಇಲ್ಲ. ಆದರೂ ಕುದುರೆ ವ್ಯಾಪಾರ ನಡೆಯುವುದಿಲ್ಲ. ಜನ ಒಳ್ಳೆಯವರು ಅದಕ್ಕೆ, ಅನ್ನುತ್ತಾರೆ ಇಲ್ಲಿನ ನಮ್ಮ ಕನ್ನಡ ಗೆಳೆಯರು. ನಾನು ಒಪ್ಪುವುದಿಲ್ಲ. ಇಲ್ಲಿ ಸರ್ಕಾರ ನಡೆಸಲು ಬಹುಮತವೇ ಬೇಕಾಗಿಲ್ಲ. 2025ರ ಸೆಪ್ಟೆಂಬರ್ 8ರ ಚುನಾವಣೆಯಲ್ಲಿ ಸ್ಟೋರೆಯವರ ಲೇಬರ್ ಪಕ್ಷಕ್ಕೆ 169ರಲ್ಲಿ ಬಂದದ್ದು 53. ಇನ್ನು ನಾಲ್ಕು ಪಕ್ಷ ಬೆಂಬಲಕ್ಕಿದ್ದು ಲೆಕ್ಕ 88 ಆಗುತ್ತದೆ. ಆ ನಾಲ್ಕೂ ಪಕ್ಷ ಬಜೆಟ್ ಬಂದಾಗ ಎದುರು ಕೂತು ಇದು ಬೇಕು, ಅದು ಬೇಡ ಅಂತ ಬಹಿರಂಗವಾಗಿಯೇ ಚೌಕಾಸಿ ಮಾಡುತ್ತವೆ. ಮಾತುಕತೆ ಪಕ್ಷದ ಜೊತೆ ನಡೆಯುತ್ತದೆ, ಒಬ್ಬೊಬ್ಬ ಶಾಸಕನ ಜೊತೆ ಅಲ್ಲ. ಒಬ್ಬನನ್ನು ಎಳೆದುಕೊಂಡು ಬಂದರೆ ಸಿಗುವ ಲಾಭ ಅಷ್ಟಕ್ಕಷ್ಟೆ.

ಇನ್ನು ಸೀಟಿನ ಲೆಕ್ಕ. ನಮ್ಮಲ್ಲಿ 2018ರಲ್ಲಿ ಕಾಂಗ್ರೆಸ್ಸಿಗೆ ಸುಮಾರು ಶೇ. 38 ಮತ, ಬಿಜೆಪಿಗೆ ಶೇ. 36. ಆದರೆ 104 ಸೀಟು ಬಂದದ್ದು ಬಿಜೆಪಿಗೆ. 2023ರಲ್ಲಿ ಬಿಜೆಪಿಯ ಮತ ಹೆಚ್ಚುಕಡಿಮೆ ಅದೇ 36, ಸೀಟು ಮಾತ್ರ 66ಕ್ಕೆ ಇಳಿಯಿತು. ಜೆಡಿಎಸ್‌ಗೆ ಶೇ. 13 ಮತ ಬಿದ್ದು 19 ಸೀಟು ಸಿಕ್ಕಿತು. ಮತದ ಪಾಲಿಗೆ ತಕ್ಕಂತೆ ಹಂಚಿದ್ದರೆ ಅದು 30ರ ಹತ್ತಿರ ಇರಬೇಕಿತ್ತು. ಇಲ್ಲಿ ಹಾಗಾಗದಿರಲು 169ರಲ್ಲಿ 19 ಸೀಟನ್ನು ಬೇರೆ ಎತ್ತಿಟ್ಟು, ಮತಕ್ಕಿಂತ ಕಡಿಮೆ ಸೀಟು ಬಂದ ಪಕ್ಷಗಳಿಗೆ ಹಂಚುತ್ತಾರೆ. ಷರತ್ತು ಒಂದೇ, ದೇಶದಲ್ಲಿ ಶೇ. 4 ಮತ ದಾಟಿರಬೇಕು. ಈ ಗೆರೆಯೂ ಕೆಲವೊಮ್ಮೆ ಕ್ರೂರ. ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷ 2021ರಲ್ಲಿ ಶೇ. 3.8 ಪಡೆದು 3 ಸೀಟಿಗೆ ಕುಸಿಯಿತು. 2025ರಲ್ಲಿ ಶೇ. 4.2 ಬಂದು 7 ಆಯಿತು.

ಚಿಕ್ಕವರಿಗೂ ದಾರಿ ಇದೆ ಅನ್ನಲು ಆಲ್ಟಾದ ಕಥೆ ಹೇಳಲೇಬೇಕು. ಉತ್ತರ ತುದಿಯ ಫಿನ್‌ಮಾರ್ಕ್‌ನಲ್ಲಿ ಅದೇ ದೊಡ್ಡ ಊರು, ಸುಮಾರು 20 ಸಾವಿರ ಜನ. ದೊಡ್ಡಾಸ್ಪತ್ರೆ ಇರುವುದು ಹಾಮರ್‌ಫೆಸ್ಟ್‌ನಲ್ಲಿ, ಎರಡು ಗಂಟೆಯ ದಾರಿ. ಚಳಿಗಾಲದಲ್ಲಿ ಹಿಮಗಾಳಿ ಬಂದರೆ ಬೆಟ್ಟದ ರಸ್ತೆ ಮುಚ್ಚುತ್ತದೆ. ಹೆರಿಗೆ ನೋವು ರಸ್ತೆ ತೆರೆಯುವವರೆಗೆ ಕಾಯುವುದಿಲ್ಲ, ಅಲ್ವಾ? ನಮ್ಮೂರಿಗೂ ಆಸ್ಪತ್ರೆ ಕೊಡಿ ಅಂತ ಅಲ್ಲಿನ ಜನ ‘ಪೇಷಂಟ್ ಫೋಕಸ್’ ಅನ್ನುವ ಪಟ್ಟಿ ಮಾಡಿ 2021ರಲ್ಲಿ ಒಬ್ಬರನ್ನು ಸ್ಟೋರ್ಟಿಂಗ್‌ಗೆ ಕಳಿಸಿದರು. ಜಿಲ್ಲೆಯ ಸೀಟಿಗೆ ಶೇ. 4ರ ಗೆರೆ ಇಲ್ಲ. 2025ರಲ್ಲಿ ಆ ಸೀಟು ಉಳಿಯಲಿಲ್ಲ, ನಿಜ. ಆದರೆ ನಾಲ್ಕು ವರ್ಷ ಆ ಊರಿನ ಸಂಕಟಕ್ಕೆ ಸದನದಲ್ಲಿ ಒಂದು ದನಿ ಇತ್ತು.

ಹಾಗಾದರೆ ನಮಗೂ ಪಟ್ಟಿ ಪದ್ಧತಿ ಬೇಕು ಅಂತೀಯಾ ಅಂತ ಊರಿನ ಗೆಳೆಯರು ಕೇಳುತ್ತಾರೆ. ಬೇಕು, ಆದರೆ ಮೊದಲು ಬೇರೊಂದು ಆಗಬೇಕು. ಇಲ್ಲಿ ಪಟ್ಟಿ ಬರೆಯುವುದು ಓಸ್ಲೋದ ನಾಯಕರಲ್ಲ. ಚುನಾವಣೆಗೆ ತಿಂಗಳುಗಟ್ಟಲೆ ಮುಂಚೆ ಪ್ರತಿ ಜಿಲ್ಲೆಯಲ್ಲಿ ಪಕ್ಷದ ಸದಸ್ಯರು ಆರಿಸಿ ಕಳಿಸಿದ ಪ್ರತಿನಿಧಿಗಳು ಒಂದು ಸಭಾಂಗಣದಲ್ಲಿ ಸೇರುತ್ತಾರೆ. ಯಾರು ಮೊದಲು, ಯಾರು ಎರಡನೆಯವರು ಅಂತ ಮತ ಹಾಕಿ ತೀರ್ಮಾನಿಸುತ್ತಾರೆ. ನಮ್ಮಲ್ಲಿ ಟಿಕೆಟ್ ಪಟ್ಟಿ ದೆಹಲಿಯಿಂದ ಬರುತ್ತದೆ, ಬಿ ಫಾರ್ಮ್ ಕೊನೇ ಗಳಿಗೆಗೆ ಕೈ ಸೇರುತ್ತದೆ. ಆ ಸ್ಥಿತಿಯಲ್ಲಿ ಪಟ್ಟಿ ಪದ್ಧತಿ ತಂದರೆ ಹೈಕಮಾಂಡಿನ ಹಿಡಿತ ಇನ್ನೂ ಜಾಸ್ತಿಯಾಗುತ್ತದೆ, ಅಷ್ಟೆ. ನಾರ್ವೆಯಿಂದ ಒಂದೇ ಒಂದನ್ನು ತರಬಹುದು ಅಂದರೆ ನಾನು ಆ ಜಿಲ್ಲಾ ಸಭೆಯನ್ನು ಕೇಳುತ್ತೇನೆ.

ಕಳೆದುಕೊಳ್ಳುವುದೂ ಇದೆ. ‘ನಮ್ಮ ಎಮ್ಮೆಲ್ಲೆ’ ಅನ್ನುವ ಸಲಿಗೆ ಇಲ್ಲಿಲ್ಲ. ಬೆಳಗ್ಗೆ ಅರ್ಜಿ ಹಿಡಿದು ಶಾಸಕರ ಮನೆ ಮುಂದೆ ನಿಲ್ಲುವುದು, ಅವರು ಫೋನ್ ಮಾಡಿ ಅಧಿಕಾರಿಗೆ ಹೇಳುವುದು, ಇದು ಬಡವರಿಗೆ ಎಷ್ಟೋ ಸಲ ನಿಜವಾಗಿ ಆಸರೆ. ಅದನ್ನು ಹೀಯಾಳಿಸುವವರನ್ನು ಕಂಡರೆ ನನಗೆ ಆಗುವುದಿಲ್ಲ. ಆದರೆ ಇಲ್ಲಿ ಅದರ ಅಗತ್ಯ ಯಾಕೆ ಬೀಳುವುದಿಲ್ಲ ಅಂತ ನೋಡಬೇಕು. ಶಾಲೆ, ನೀರು, ವೃದ್ಧರ ಆರೈಕೆ, ಅಂಗನವಾಡಿಯಂಥದ್ದೆಲ್ಲ ಸ್ಥಳೀಯ ಕೊಮ್ಯೂನ್, ಅಂದರೆ ಇಲ್ಲಿನ ಪುರಸಭೆಯ ಕೈಯಲ್ಲಿದೆ. ಆ ಕೊಮ್ಯೂನ್ ಚುನಾವಣೆ ನಾಲ್ಕು ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತದೆ.

ಭಾರತದ ಪಾಸ್‌ಪೋರ್ಟ್ ಇರುವ ನಾನು ಸ್ಟೋರ್ಟಿಂಗ್‌ಗೆ ಮತ ಹಾಕುವ ಹಾಗಿಲ್ಲ. ಆದರೆ ಮೂರು ವರ್ಷ ಇಲ್ಲಿ ನೆಲೆಸಿದ ವಿದೇಶಿಯರಿಗೂ ಸ್ಥಳೀಯ ಚುನಾವಣೆಯಲ್ಲಿ ಮತ ಇದೆ. 2023ರ ಸೆಪ್ಟೆಂಬರಿನಲ್ಲಿ ಹತ್ತಿರದ ಶಾಲೆಯ ಜಿಮ್ ಹಾಲಿನಲ್ಲಿ ನಾನೂ ಮತ ಹಾಕಿದೆ. ಸ್ಥಳೀಯ ಮತಪತ್ರದಲ್ಲಿ ಮೆಚ್ಚಿದ ಹೆಸರಿನ ಮುಂದೆ ಗುರುತು ಹಾಕಿದರೆ ಅವರಿಗೆ ವೈಯಕ್ತಿಕ ಮತ ಸೇರುತ್ತದೆ, ಬೇರೆ ಪಕ್ಷದವರ ಹೆಸರನ್ನೂ ಬರೆಯಬಹುದು. ಪರದೇಶಿಯಾದ ನನಗೆ ಇಲ್ಲಿ ಇಷ್ಟು ಹಕ್ಕಿದೆ. ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ನನ್ನ ತಂಗಿಗೆ ಎಷ್ಟೋ ವರ್ಷ ಅದು ಸಿಗಲಿಲ್ಲ. ಬಿಬಿಎಂಪಿಗೆ ಕೊನೆಯ ಚುನಾವಣೆ ನಡೆದದ್ದು 2015ರಲ್ಲಿ. 2020ರ ಸೆಪ್ಟೆಂಬರಿನಲ್ಲಿ ಅದರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳೇ ಊರು ನಡೆಸಿದರು. ವಾರ್ಡಿನಲ್ಲಿ ಕೇಳುವವರಿಲ್ಲದೆ ಜನ ಎಮ್ಮೆಲ್ಲೆ ಮನೆಗೇ ಹೋದರು, ಎಮ್ಮೆಲ್ಲೆ ಸೀಟಿನ ಬೆಲೆ ಇನ್ನೂ ಏರಿತು. ಆ ಬೆಲೆ ಇಳಿಯಬೇಕಾದರೆ ಪಾಲಿಕೆ, ಪಂಚಾಯ್ತಿಗಳಿಗೆ ಸಮಯಕ್ಕೆ ಸರಿಯಾಗಿ ಚುನಾವಣೆ ನಡೆಯಬೇಕು, ಅವುಗಳ ಕೈಗೆ ದುಡ್ಡು ಬರಬೇಕು. ಇದಕ್ಕೆ ಸಂವಿಧಾನ ತಿದ್ದಬೇಕಾಗಿಲ್ಲ. ಪಂಚಾಯ್ತಿ, ನಗರಾಡಳಿತಗಳ ಕುರಿತ 73 ಮತ್ತು 74ನೇ ತಿದ್ದುಪಡಿ 1993ರಿಂದಲೇ ಜಾರಿಯಲ್ಲಿದೆ.