ಗುಬ್ಬಚ್ಚಿಯ ಕಣ್ಣೊಂದಿದ್ದರೂ ಸಾಕಿತ್ತು

ಕಣ್ಣು ಕೀಳಿಸಿಕೊಂಡು, ಗಂಡಸುತನ ಕಳೆದುಕೊಂಡು, ಎಂಟುನೂರು ಚಿಲ್ಲರೆ ವರ್ಷಗಳಿಂದ ನಗೆಪಾಟಲಾಗಿರುವ ಒಬ್ಬ ಬಿಷಪ್ಪನ ಪರವಾಗಿ ವಕಾಲತ್ತು ವಹಿಸಲು ಹೊರಟಿದ್ದೇನೆ. ಹೆಸರು ವಿಮಂಡ್. ಕಾಲ 12ನೇ ಶತಮಾನದ ಮೊದಲರ್ಧ. ಇಂಗ್ಲೆಂಡಿಗೂ ಐರ್ಲೆಂಡಿಗೂ ನಡುವೆ ಕುಳಿತಿರುವ ಮ್ಯಾನ್ ದ್ವೀಪ, ಅದರ ಉತ್ತರಕ್ಕೆ ಸ್ಕಾಟ್‌ಲೆಂಡಿನ ಪಶ್ಚಿಮ ಕರಾವಳಿಯುದ್ದಕ್ಕೂ ಚದುರಿಕೊಂಡಿರುವ ಹೆಬ್ರಿಡೀಸ್ ದ್ವೀಪಗಳು, ಇಷ್ಟೂ ಸೇರಿ ಅವನ ಧರ್ಮಪ್ರಾಂತ್ಯ. ಅವನು ಸಾಧುಪುರುಷನೆಂದು ನಾನೇನೂ ಹೇಳುತ್ತಿಲ್ಲ. ಊರು ಕೊಳ್ಳೆ ಹೊಡೆದಿದ್ದಾನೆ, ಜನರನ್ನು ಕೊಲ್ಲಿಸಿದ್ದಾನೆ. ಆದರೆ ತನ್ನ ಹುಟ್ಟಿನ ಬಗ್ಗೆ ಅವನು ಹೇಳಿಕೊಂಡದ್ದೆಲ್ಲ ಹಸಿಸುಳ್ಳು ಎಂಬ ಆರೋಪ ಮಾತ್ರ ನನ್ನ ಗಂಟಲಲ್ಲಿ ಇಳಿಯುತ್ತಿಲ್ಲ.

ಮೊದಲು ಸಾಕ್ಷಿಯ ವಿಚಾರ. ವಿಮಂಡ್ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಮುಕ್ಕಾಲುಪಾಲು ಒಬ್ಬನೇ ಬರಹಗಾರನ ಕೃಪೆ. ಯಾರ್ಕ್‌ಷೈರಿನ ನ್ಯೂಬರ್ಗ್ ಮಠದ ವಿಲಿಯಂ, 1136ರಲ್ಲಿ ಹುಟ್ಟಿದವನು, ಆ ಶತಮಾನದ ಕೊನೆಯಲ್ಲಿ ಲ್ಯಾಟಿನ್‌ನಲ್ಲಿ ಇಂಗ್ಲೆಂಡಿನ ಇತಿಹಾಸ ಬರೆದ. ಹತ್ತಿರದ ಬೈಲ್ಯಾಂಡ್ ಮಠದಲ್ಲಿ ಕುರುಡ ವಿಮಂಡ್ ಕೊನೆಗಾಲ ಕಳೆಯುತ್ತಿದ್ದಾಗ ಅವನನ್ನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ ಎನ್ನುತ್ತಾನೆ. ಒಳ್ಳೆಯ ಬರಹಗಾರ, ಆದರೆ ಚುಚ್ಚುವುದರಲ್ಲಿ ಕೈ ತುಸು ಮುಂದು.

ಅವನ ಪ್ರಕಾರ ವಿಮಂಡ್ ಹುಟ್ಟಿದ್ದು ಇಂಗ್ಲೆಂಡಿನ ಯಾವುದೋ ಹೇಳಹೆಸರಿಲ್ಲದ ಮೂಲೆಯಲ್ಲಿ. ಅಕ್ಷರ ಕಲಿತ, ಮುಂದೆ ಓದಲು ಕಾಸಿಲ್ಲ. ಮಠದವರಿಗೆ ಹಳೆಯ ಬರಹಗಳನ್ನು ನಕಲು ಮಾಡಿಕೊಟ್ಟು ಹೊಟ್ಟೆ ಹೊರೆದ. ಆಮೇಲೆ ಇಂಗ್ಲೆಂಡಿನ ವಾಯವ್ಯ ತೀರದ ಫರ್ನೆಸ್ ಮಠ ಸೇರಿ ತಲೆ ಬೋಳಿಸಿಕೊಂಡ. ಅಲ್ಲಿ ಪುಸ್ತಕವೂ ಇತ್ತು, ಬಿಡುವೂ ಇತ್ತು. ಜ್ಞಾಪಕಶಕ್ತಿ, ಮಾತಿನ ಬಲ ಅವನಿಗೆ ಮೊದಲೇ ಇದ್ದವು. 1134ರಲ್ಲಿ ಮ್ಯಾನ್ ದ್ವೀಪದ ದೊರೆ ಓಲಾಫ್ ಈ ಮಠಕ್ಕೆ ತನ್ನ ನೆಲದಲ್ಲಿ ಜಾಗ ಕೊಟ್ಟ, ಜತೆಗೆ ದ್ವೀಪಗಳ ಬಿಷಪ್ಪನನ್ನು ಆರಿಸುವ ಹಕ್ಕನ್ನೂ ಕೊಟ್ಟ. ಬಡ ನಕಲುಗಾರನ ನಸೀಬು ತೆರೆದದ್ದು ಈ ಬಾಗಿಲಿನಿಂದ. ಸಹಸನ್ಯಾಸಿಗಳೊಂದಿಗೆ ದ್ವೀಪಕ್ಕೆ ಹೋದ ವಿಮಂಡ್ ಎತ್ತರದ ಆಳು, ಕಟ್ಟುಮಸ್ತಾದ ಮೈ, ಅರಳಿದ ಮುಖ, ಕೇಳುವಂಥ ಮಾತು. ಇವನೇ ನಮ್ಮ ಬಿಷಪ್ ಆಗಲಿ ಎಂದು ದ್ವೀಪದವರು ಪಟ್ಟು ಹಿಡಿದರು. 1140ರಲ್ಲಿ ತೀರಿಕೊಂಡ ಯಾರ್ಕಿನ ಆರ್ಚ್‌ಬಿಷಪ್ ಥರ್ಸ್ಟನ್ ಅದಕ್ಕೆ ಮೊದಲೇ ಅವನಿಗೆ ದೀಕ್ಷೆ ಕೊಟ್ಟಿದ್ದ.

ಇಲ್ಲಿಗೆ ನಿಂತಿದ್ದರೆ ಅವನ ಹೆಸರು ಬಿಷಪ್ಪರ ಪಟ್ಟಿಯೊಂದರಲ್ಲಿ ಒಂದು ಸಾಲಾಗಿ ಉಳಿಯುತ್ತಿತ್ತು. ಅವನು ನಿಲ್ಲಲಿಲ್ಲ. ನಾನು ಸ್ಕಾಟ್‌ಲೆಂಡಿನ ಮರೇ ಪ್ರಾಂತ್ಯದ ಅರ್ಲನ, ಅಂದರೆ ಆ ಸೀಮೆಯ ಒಡೆಯನ ಮಗ, ಸ್ಕಾಟರ ದೊರೆ ನನ್ನ ಪಿತ್ರಾರ್ಜಿತವನ್ನು ಕಿತ್ತುಕೊಂಡಿದ್ದಾನೆ ಎಂದು ಸಾರಿದ. ಬಡವರು, ಪುಂಡರು, ಕಳೆದುಕೊಳ್ಳಲು ಏನೂ ಇಲ್ಲದವರು ಪ್ರಮಾಣ ಮಾಡಿ ಸುತ್ತ ಸೇರಿದರು. ದ್ವೀಪದಿಂದ ದ್ವೀಪಕ್ಕೆ ದಂಡು ಬೆಳೆಯಿತು. ಸ್ಕಾಟ್ ನೆಲಕ್ಕೆ ನುಗ್ಗುವುದು, ಒಂದನೇ ಡೇವಿಡ್ ದೊರೆಯ ಸೈನ್ಯ ಬಂದರೆ ಕಾಡಿಗೋ ಕಡಲಿಗೋ ಜಾರುವುದು, ಸೈನ್ಯ ಹಿಂದಿರುಗಿದ ಮೇಲೆ ಮತ್ತೆ ನುಗ್ಗುವುದು. ಕಾಲಾಳು ಮತ್ತು ಕುದುರೆಗಳ ಸೈನ್ಯ ದೋಣಿಗಳನ್ನು ಬೆನ್ನಟ್ಟಿ ಏನು ಮಾಡೀತು?

ಒಂದೇ ಒಂದು ಸಲ ಅವನಿಗೆ ಸರಿಯಾದ ಪೆಟ್ಟು ಬಿತ್ತು, ಅದೂ ಇನ್ನೊಬ್ಬ ಬಿಷಪ್ಪನಿಂದ. ಕಪ್ಪ ಕೊಡು, ಇಲ್ಲವೇ ಯುದ್ಧ ಎಂದು ವಿಮಂಡ್ ಹೇಳಿಕಳುಹಿಸಿದ. ಒಬ್ಬ ಬಿಷಪ್ ಇನ್ನೊಬ್ಬ ಬಿಷಪ್ಪನಿಗೆ ಕಪ್ಪ ಕೊಡುವ ಸಂಪ್ರದಾಯ ನನ್ನಿಂದ ಶುರುವಾಗುವುದು ಬೇಡ ಎಂದು ಆ ಸರಳ ಮನುಷ್ಯ ಉತ್ತರ ಕೊಟ್ಟ. ತನ್ನ ಜನರನ್ನು ಕಟ್ಟಿಕೊಂಡು ಎದುರು ಹೊರಟು, ಮೊದಲ ಏಟು ತನ್ನದೇ ಆಗಲಿ ಎಂದು ಕೈಯಲ್ಲಿದ್ದ ಸಣ್ಣ ಕೊಡಲಿಯನ್ನು ಬೀಸಿ ಎಸೆದ. ಅದು ಮುಂಚೂಣಿಯಲ್ಲಿ ಬರುತ್ತಿದ್ದ ವಿಮಂಡ್‌ಗೇ ತಗುಲಿ ಅವನು ನೆಲಕ್ಕೆ ಬಿದ್ದ. ದಂಡು ಚೆಲ್ಲಾಪಿಲ್ಲಿಯಾಯಿತು. ಅಂದು ಓಡಿದವರಲ್ಲಿ ಒಬ್ಬನ ಬಾಯಿಂದಲೇ ಇದನ್ನು ಕೇಳಿದೆ ಎನ್ನುತ್ತಾನೆ ವಿಲಿಯಂ. ನನಗೆ ಇಷ್ಟವಾಗುವುದು ಇದರ ಮುಂದಿನ ಮಾತು: ಸೋತ ಈ ಕಥೆಯನ್ನು ವಿಮಂಡ್ ತಾನೇ ಗೆಳೆಯರ ನಡುವೆ ನಗುನಗುತ್ತಾ ಹೇಳಿಕೊಳ್ಳುತ್ತಿದ್ದನಂತೆ. ನನ್ನನ್ನು ಸೋಲಿಸಲು ದೇವರೇ ಬರಬೇಕಾಯಿತು, ಅದಕ್ಕೂ ಒಬ್ಬ ಬಿಷಪ್ಪನ ಭಕ್ತಿ ಬೇಕಾಯಿತು ಎಂದು.

ಕೊನೆಗೆ ಡೇವಿಡ್ ದೊರೆ ದಾರಿ ಬದಲಿಸಿದ. ಒಂದು ಪ್ರಾಂತ್ಯವನ್ನೂ ಜತೆಗೆ ಫರ್ನೆಸ್ ಮಠವನ್ನೂ ವಿಮಂಡ್‌ಗೆ ಬಿಟ್ಟುಕೊಟ್ಟು ರಾಜಿಯಾದ. ಹಸ್ತಪ್ರತಿ ನಕಲು ಮಾಡುತ್ತಿದ್ದವನು ತಾನು ತಲೆ ಬೋಳಿಸಿಕೊಂಡ ಮಠಕ್ಕೇ ಒಡೆಯನಾದ, ದಂಡು ಕಟ್ಟಿಕೊಂಡು ದೊರೆಯಂತೆ ಮೆರೆದ, ಹಳೆಯ ಸಹಸನ್ಯಾಸಿಗಳನ್ನು ಹಿಂಡಿದ. ಈ ಭಾಗದಲ್ಲಿ ನಾನೂ ಅವನ ಪರವಾಗಿಲ್ಲ. ಒಂದು ದಿನ ಪರಿವಾರವನ್ನು ಬಿಡಾರದ ಏರ್ಪಾಟಿಗೆ ಮುಂದೆ ಕಳುಹಿಸಿ, ಬೆರಳೆಣಿಕೆಯ ಜನರೊಂದಿಗೆ ಹಿಂದಿನಿಂದ ನಿಧಾನವಾಗಿ ಬರುತ್ತಿದ್ದಾಗ ಊರವರು ಹಿಡಿದು ಕಟ್ಟಿದರು. ದೊಡ್ಡವರ ಒಪ್ಪಿಗೆ ಮೊದಲೇ ಸಿಕ್ಕಿತ್ತು. ಎರಡೂ ಕಣ್ಣು ಕಿತ್ತರು, ಬೀಜ ಒಡೆದರು. ವಿಲಿಯಂ ಇಲ್ಲಿ ಒಂದು ಚಟಾಕಿ ಹಾರಿಸುತ್ತಾನೆ: ಅವನನ್ನು ನಪುಂಸಕನನ್ನಾಗಿ ಮಾಡಿದ್ದು ಸ್ವರ್ಗದ ರಾಜ್ಯಕ್ಕಾಗಿ ಅಲ್ಲ, ಸ್ಕಾಟರ ರಾಜ್ಯದ ನೆಮ್ಮದಿಗಾಗಿ. ಸ್ವರ್ಗದ ರಾಜ್ಯಕ್ಕಾಗಿ ನಪುಂಸಕರಾದವರ ಬಗ್ಗೆ ಬೈಬಲ್‌ನಲ್ಲಿ ಯೇಸು ಆಡಿದ ಮಾತನ್ನು ತಿರುಚಿದ ಚಟಾಕಿ ಇದು.

ನನ್ನ ವಾದ ಶುರುವಾಗುವುದೇ ಈ ಚಟಾಕಿಯಿಂದ. ದೋಚುವವನನ್ನು ಹೆಚ್ಚಾಗಿ ಗಲ್ಲಿಗೇರಿಸುತ್ತಾರೆ, ಕೈ ಕಡಿಯುತ್ತಾರೆ. ಕಣ್ಣು ಕಿತ್ತು ಬೀಜ ಒಡೆಯುವುದು ಕಳ್ಳರಿಗೂ ಕೆಲವೊಮ್ಮೆ ಆಗುತ್ತಿತ್ತು ನಿಜ, ಆದರೆ ಆ ಕಾಲದ ಉತ್ತರದ ಸೀಮೆಯಲ್ಲಿ ಅದು ಸಿಂಹಾಸನಕ್ಕೆ ಪಾಲುದಾರನಾದವನಿಗೂ ಮಾಡುತ್ತಿದ್ದ ಕೆಲಸ. 1135ರಲ್ಲಿ ನಾರ್ವೆಯ ದೊರೆ ನಾಲ್ಕನೇ ಮ್ಯಾಗ್ನಸ್‌ಗೆ ಇದನ್ನೇ ಮಾಡಿ ಮಠಕ್ಕೆ ಅಟ್ಟಿದರು. 1174ರಲ್ಲಿ ಸ್ಕಾಟ್‌ಲೆಂಡಿನ ನೈರುತ್ಯದ ಗ್ಯಾಲೊವೇ ಸೀಮೆಯ ಒಡೆಯ ಉಟ್ರೆಡ್‌ಗೆ ಇದನ್ನೇ ಮಾಡಿಸಿದವನು ಅವನ ಅಣ್ಣತಮ್ಮಂದಿರ ಪೈಕಿಯವನೇ. ಆಳಲು ಕಣ್ಣು ಇರಬಾರದು, ವಂಶ ಬೆಳೆಯಬಾರದು, ಲೆಕ್ಕಾಚಾರ ಅಷ್ಟೇ. ಸ್ಕಾಟರ ರಾಜ್ಯಕ್ಕೆ ವಿಮಂಡ್‌ನ ಸಂತಾನದಿಂದ ನೆಮ್ಮದಿ ಕೆಡುತ್ತಿತ್ತು ಎಂದಾದರೆ ಅವನ ರಕ್ತದಲ್ಲಿ ಏನೋ ಇದೆ ಎಂದು ಯಾರೋ ನಂಬಿದ್ದರು ಎಂದಾಯಿತು.

ಯಾರ ಮಗನಾಗಿದ್ದಿರಬಹುದು? ಮರೇ ಅರ್ಲ್ ಆಂಗಸ್ 1130ರಲ್ಲಿ ಡೇವಿಡ್ ದೊರೆಯ ಕಡೆಯವರ ಕೈಯಲ್ಲಿ ಯುದ್ಧದಲ್ಲಿ ಸತ್ತ. ಕೆಲವು ಇತಿಹಾಸಕಾರರು ಅವನತ್ತ ಬೊಟ್ಟು ಮಾಡುತ್ತಾರೆ. ನನ್ನ ಮತ ಇನ್ನೊಬ್ಬನಿಗೆ: ಡಂಕನ್‌ನ ಮಗ ವಿಲಿಯಂ (ಇತಿಹಾಸ ಬರೆದ ವಿಲಿಯಂ ಅಲ್ಲ). ಅವನನ್ನೂ ಮರೇ ಅರ್ಲ್ ಎಂದು ಒಂದು ವಂಶಾವಳಿ ಕರೆಯುತ್ತದೆ. ಅವನ ಅಪ್ಪ ಎರಡನೇ ಡಂಕನ್ 1094ರಲ್ಲಿ ಕೆಲವೇ ತಿಂಗಳು ಸ್ಕಾಟರ ದೊರೆಯಾಗಿದ್ದವನು, ಡೇವಿಡ್‌ನ ಮಲಅಣ್ಣ. ಹಾಗಾಗಿ ಈ ಮನೆತನದ ಹಕ್ಕು ಡೇವಿಡ್‌ಗಿಂತ ಒಂದು ಕೈ ಮೇಲೇ ಇತ್ತು. ಡಂಕನ್‌ನ ಮಗ ವಿಲಿಯಂನ ಹಿಡಿತದಲ್ಲಿದ್ದ ಕೋಪ್‌ಲ್ಯಾಂಡ್ ಸೀಮೆ ಫರ್ನೆಸ್‌ನ ಮಗ್ಗುಲಲ್ಲೇ ಇದೆ. ಫರ್ನೆಸ್ ಕಡೆಯಲ್ಲಿ ಹುಟ್ಟಿದ ಒಬ್ಬ ಹಾದರದ ಮಗ, ಅದೇ ಮಠ ಸೇರುವುದು, ಕೊನೆಗೆ ಅದೇ ಮೂಲೆಯ ನೆಲ ಅವನಿಗೆ ರಾಜಿಯಲ್ಲಿ ಸಿಗುವುದು, ಎಲ್ಲವೂ ಒಂದಕ್ಕೊಂದು ಕೂಡಿ ಬರುತ್ತವೆ. ದೊರೆಗಳು ಬರೀ ದರೋಡೆಕೋರರಿಗೂ ದುಡ್ಡು ಕೊಟ್ಟು ಕೈತೊಳೆದುಕೊಳ್ಳುತ್ತಾರೆ ಎಂದು ನೀವು ಹೇಳಬಹುದು. ಕೊಡುತ್ತಾರೆ, ದುಡ್ಡು ಕೊಡುತ್ತಾರೆ. ಸೀಮೆಯನ್ನು ಬಿಟ್ಟುಕೊಡುವುದು ಬೇರೆ ಮಾತು.

ಇಂಥ ಹಕ್ಕು ಹೊತ್ತು ಬಂದವನು ಆ ತಲೆಮಾರಿನಲ್ಲಿ ಇವನೊಬ್ಬನೇ ಅಲ್ಲ. ಹೆಬ್ರಿಡೀಸನ್ನೂ ಮ್ಯಾನ್ ದ್ವೀಪವನ್ನೂ 1098ರಲ್ಲಿ ಗೆದ್ದಿದ್ದ ನಾರ್ವೆಯ ಬರಿಗಾಲ ಮ್ಯಾಗ್ನಸ್ ಸತ್ತ ಎಷ್ಟೋ ವರ್ಷಗಳ ಮೇಲೆ, ನಾನು ಅವನ ಮಗ ಎಂದು ಐರ್ಲೆಂಡ್ ಕಡೆಯಿಂದ ಹರಾಲ್ಡ್ ಗಿಲ್ಲೆ ಎಂಬವನು ಬಂದ. ಕಾದು ಕೆಂಪಾದ ಒಂಬತ್ತು ನೇಗಿಲ ಗುಳಗಳ ಮೇಲೆ ಬರಿಗಾಲಲ್ಲಿ ನಡೆದು ಸಾಬೀತು ಮಾಡಿ 1130ರಲ್ಲಿ ದೊರೆಯಾದ. ಮೇಲೆ ಹೇಳಿದ ನಾಲ್ಕನೇ ಮ್ಯಾಗ್ನಸ್‌ನ ಕಣ್ಣು ಕೀಳಿಸಿದವನು ಇವನೇ. 1136ರಲ್ಲಿ ಇವನನ್ನು ಕೊಂದ ಸಿಗುರ್ಡ್ ಸ್ಲೆಂಬೆ ಕೂಡ ಅದೇ ಅಪ್ಪನ ಹೆಸರು ಹೇಳಿಕೊಂಡು ಬಂದವನು, ಚರ್ಚಿನಲ್ಲಿ ಡೀಕನ್ (ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ) ದೀಕ್ಷೆ ಪಡೆದವನು. ಈ ಸುದ್ದಿಗಳು ದೋಣಿಗಳಲ್ಲಿ ಓಲಾಫ್‌ನ ಆಸ್ಥಾನಕ್ಕೆ ಬರುತ್ತಿದ್ದಾಗ ಅಲ್ಲಿನ ಬಿಷಪ್ ಕಿವಿ ಮುಚ್ಚಿಕೊಂಡಿದ್ದನೇ? ಕಿವಿ ನಿಮಿರಿಸಿಕೊಂಡಿದ್ದ ಎಂಬುದು ನನ್ನ ಊಹೆ.

ಆಮೇಲೆ ಸ್ವೆರ್ರೆ. ಫ್ಯಾರೋ ದ್ವೀಪಗಳಲ್ಲಿ ಬಿಷಪ್ಪನ ಆಶ್ರಯದಲ್ಲಿ ಬೆಳೆದು ಪಾದ್ರಿಯಾದವನು, ನಾನು ದೊರೆ ಸಿಗುರ್ಡ್‌ನ (ಮೇಲಿನ ಸ್ಲೆಂಬೆ ಅಲ್ಲ, ಇನ್ನೊಬ್ಬ) ಮಗ ಎನ್ನುತ್ತಾ ನಾರ್ವೆಗೆ ಇಳಿದು, ಹರಕಲು ದಂಡು ಕಟ್ಟಿ, 1184ರ ಹೊತ್ತಿಗೆ ಇಡೀ ನಾರ್ವೆಗೆ ದೊರೆಯಾಗಿ, 1202ರಲ್ಲಿ ದೊರೆಯಾಗಿಯೇ ಸತ್ತ. ಅವನ ಹಕ್ಕನ್ನೂ ಇಂದಿನ ಇತಿಹಾಸಕಾರರಲ್ಲಿ ಬಹುಪಾಲು ಮಂದಿ ನಂಬುವುದಿಲ್ಲ. ಆದರೆ ಅವನ ಚರಿತ್ರೆಯ ಮೊದಲ ಭಾಗವನ್ನು ಬರೆದವನು ಕಾರ್ಲ್ ಎಂಬ ಮಠಾಧಿಪತಿ, ಏನು ಬರೆಯಬೇಕೆಂದು ಪಕ್ಕದಲ್ಲಿ ಕುಳಿತು ಹೇಳಿದವನು ದೊರೆ ಸ್ವೆರ್ರೆಯೇ. ಆ ಗ್ರಂಥದ ಪೀಠಿಕೆಯಲ್ಲೇ ಇದು ಮುಚ್ಚುಮರೆಯಿಲ್ಲದೆ ದಾಖಲಾಗಿದೆ. ಗೆದ್ದೆತ್ತಿನ ಬಾಲ ಹಿಡಿಯಲು ಎಲ್ಲ ಕಾಲದಲ್ಲೂ ಕೈಗಳು ಸಿಗುತ್ತವೆ.

ಸೋತ ವಿಮಂಡ್‌ಗೆ ಸಿಕ್ಕವನು ನ್ಯೂಬರ್ಗಿನ ವಿಲಿಯಂ. ಇಂಗ್ಲೆಂಡಿನ ಸಫೊಕ್‌ನಲ್ಲಿ ನೆಲದಿಂದ ಎದ್ದು ಬಂದ ಹಸಿರು ಮೈಯ ಇಬ್ಬರು ಮಕ್ಕಳ ಕಥೆಯನ್ನು, ಗೋರಿಯಿಂದ ಎದ್ದು ತಿರುಗಾಡುವ ಹೆಣಗಳ ಕಥೆಗಳನ್ನು, ಹೇಳಿದವರು ಬಹಳ ಮಂದಿ ಎಂಬ ಕಾರಣಕ್ಕೆ ಗಂಭೀರವಾಗಿ ದಾಖಲಿಸಿದ ಮಹಾನುಭಾವ. ಹಸಿರು ಮಕ್ಕಳನ್ನು ನಂಬಿದವನಿಗೆ ಒಬ್ಬ ಮನುಷ್ಯನಿಗೆ ಅಪ್ಪನಿದ್ದ ಎಂಬುದನ್ನು ನಂಬಲು ಇಷ್ಟು ಕಷ್ಟವಾಯಿತು! ಅದಕ್ಕಿಂತ ನನಗೆ ಸಿಟ್ಟು ಬರುವುದು ಬೇರೆ ಕಾರಣಕ್ಕೆ. ಬೈಲ್ಯಾಂಡಿನಲ್ಲಿ ವಿಮಂಡ್ ವರ್ಷಗಟ್ಟಲೆ ಬದುಕಿದ್ದ. ನನಗೆ ಗುಬ್ಬಚ್ಚಿಯ ಕಣ್ಣೊಂದು ಉಳಿದಿದ್ದರೂ ಹಗೆಗಳು ಹೀಗೆ ಹಿಗ್ಗುತ್ತಿರಲಿಲ್ಲ ಎಂದು ಆಗಲೂ ಹೇಳುತ್ತಿದ್ದನಂತೆ. ವಿಲಿಯಂ ಆ ಮಾತನ್ನು ಬರೆದಿಟ್ಟ, ಕೊಡಲಿಯ ಕಥೆ ಬರೆದಿಟ್ಟ, ತನ್ನ ಚಟಾಕಿಯನ್ನಂತೂ ಮರೆಯಲಿಲ್ಲ. ನಿನ್ನ ತಾಯಿ ಯಾರು, ಅವಳು ನಿನಗೆ ಏನು ಹೇಳಿದ್ದಳು ಎಂಬ ಪ್ರಶ್ನೆಯ ಉತ್ತರ ಮಾತ್ರ ಅವನ ಪುಟಗಳಲ್ಲಿಲ್ಲ.

1151ರ ಹೊತ್ತಿಗೆ ವಿಮಂಡ್ ಕೂತಿದ್ದ ಪೀಠದಲ್ಲಿ ನಾರ್ಮಂಡಿಯ ಸೇಯೆ ಮಠದ ಜಾನ್ ಎಂಬ ಸನ್ಯಾಸಿ ದ್ವೀಪಗಳ ಬಿಷಪ್ ಆಗಿದ್ದ. ಅದಾದ ಎರಡು ಮೂರು ವರ್ಷಗಳಲ್ಲಿ ಆ ಪೀಠವನ್ನು ನಾರ್ವೆಯ ನಿಡಾರೋಸ್ ಆರ್ಚ್‌ಬಿಷಪ್ಪನ ಕೆಳಗೆ ಸೇರಿಸಿದರು. ವಿಮಂಡ್ ಶುದ್ಧ ಸುಳ್ಳುಗಾರ ಎನ್ನುವ ಸ್ನೇಹಿತರು ಇಲ್ಲಿ ಇದ್ದೀರಿ, ಗೊತ್ತು. ನನ್ನ ಒಂದೇ ಪ್ರಶ್ನೆಗೆ ಉತ್ತರ ಬರೆಯಿರಿ: ಅವನು ಬರೀ ಸುಳ್ಳುಗಾರನಾಗಿದ್ದರೆ ಕಣ್ಣು ಕಿತ್ತ ಮೇಲೂ ಬೀಜ ಒಡೆಯುವ ಅಗತ್ಯ ಯಾರಿಗಿತ್ತು?